ಯೋಜಿತ ಸಿಸೇರಿಯನ್ ಹೆರಿಗೆ: ಹೆದರಿಕೆ ಬೇಡ, ಸಿದ್ಧತೆ ಇರಲಿ

“ಸಿಸ್ಟರ್, ನನಗ ಆಪರೇಷನ್ನ ಮಾಡಬೇಕಂತ್ರಿ. ನಾ ಏನ್ ತಪ್ಪ ಮಾಡೇನ್ರಿ?”

ಗರ್ಭಿಣಿಯರ ತಪಾಸಣೆಯ ದಿನ ಈ ಮಾತನ್ನು ಕೇಳದ ವಾರವೇ ಇಲ್ಲ. ಕೇಳುವ ತಾಯಿಯ ಕಣ್ಣಲ್ಲಿ ನೀರು. ಪಕ್ಕದಲ್ಲಿ ನಿಂತ ಅತ್ತೆಯ ಮುಖದಲ್ಲಿ ಆತಂಕ. ಗಂಡನಿಗೆ ಏನು ಮಾತನಾಡಬೇಕೆಂದು ತೋಚದು. ಇಂಥ ಕುಟುಂಬಗಳಿಗಾಗಿಯೇ ಈ ಲೇಖನ.

ಮೊದಲಿಗೆ ಒಂದು ಮಾತು. ನೀವು ಏನೂ ತಪ್ಪು ಮಾಡಿಲ್ಲ. ಸಿಸೇರಿಯನ್ ಸಹ ಹೆರಿಗೆಯೇ. ಅದೂ ದಿನ ಗೊತ್ತುಮಾಡಿ ಮಾಡುವ ಸಿಸೇರಿಯನ್ನಿನಲ್ಲಿ ಒಂದು ದೊಡ್ಡ ಅನುಕೂಲವಿದೆ: ಸಿದ್ಧರಾಗಲು ನಿಮಗೆ ಸಮಯ ಸಿಗುತ್ತದೆ. ಆ ಸಮಯವನ್ನು ಅಳುತ್ತ ಕಳೆಯದೆ ತಿಳಿದುಕೊಳ್ಳಲು ಬಳಸಿದ ತಾಯಂದಿರು ಬೇಗ ಚೇತರಿಸಿಕೊಳ್ಳುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಕಂಡಿದ್ದೇನೆ ಮಾತ್ರವಲ್ಲ, ಅನುಭವಿಸಿಯೂ ಇದ್ದೇನೆ. ಜಿ.ಎನ್.ಎಂ. ಡಿಪ್ಲೊಮಾ ಮುಗಿಸಿ ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡಿದ ನಾನು ಈಗ ತಾಯಂದಿರಿಗೂ ಕಿರಿಯ ನರ್ಸ್‌ಗಳಿಗೂ ತಿಳಿವಳಿಕೆ ಹೇಳುವ ಕೆಲಸದಲ್ಲಿದ್ದೇನೆ. 2019ರಲ್ಲಿ ನನ್ನ ಮಗಳು ಹುಟ್ಟಿದ್ದು ಯೋಜಿತ ಸಿಸೇರಿಯನ್‌ನಿಂದಲೇ. ಕೊನೆಯ ತಿಂಗಳಲ್ಲೂ ಕೂಸು ಉಲ್ಟಾ ಇತ್ತು. ತಲೆ ಮೇಲೆ, ಕಾಲು ಕೆಳಗೆ. ಹೊಟ್ಟೆಯ ಮೇಲಿಂದ ಕೈಯಾಡಿಸಿ ಕೂಸನ್ನು ತಿರುಗಿಸುವ ವಿಧಾನವೂ ಇದೆ. ಆದರೆ ನನಗೆ ಗರ್ಭದ ನೀರು ಕಡಿಮೆ ಇದ್ದುದರಿಂದ ವೈದ್ಯರು ಅದು ಬೇಡ ಎಂದರು. ಎಷ್ಟೋ ಜನರಿಗೆ ಧೈರ್ಯ ಹೇಳಿದವಳು ನಾನು, ಅಂದು ರಾತ್ರಿ ಅತ್ತೆ.

ಯಾವಾಗ ಸಿಸೇರಿಯನ್ ಬೇಕಾಗುತ್ತದೆ?

ಮಾಸು (ಕಸ) ಗರ್ಭಕೋಶದ ಬಾಯಿಗೆ ಅಡ್ಡವಾಗಿ ಕುಳಿತಿದ್ದರೆ, ಕೂಸು ಅಡ್ಡ ಅಥವಾ ಉಲ್ಟಾ ಇದ್ದರೆ, ಅವಳಿಗಳಲ್ಲಿ ಮೊದಲ ಕೂಸಿನ ತಲೆ ಕೆಳಗಿಲ್ಲದಿದ್ದರೆ, ಹಿಂದೆ ಎರಡು ಸಲ ಸಿಸೇರಿಯನ್ ಆಗಿದ್ದರೆ, ಇಲ್ಲವೆ ಹೆರಿಗೆ ನೋವನ್ನು ತಾಯಿಯಾಗಲಿ ಕೂಸಾಗಲಿ ತಾಳಲಾರದ ಕಾಯಿಲೆ ಇದ್ದರೆ ವೈದ್ಯರು ಮೊದಲೇ ದಿನ ಗೊತ್ತು ಮಾಡುತ್ತಾರೆ. ಕಾರಣವಿಲ್ಲದೆ “ನೋವು ಬೇಡ, ಆಪರೇಷನ್ ಮಾಡಿಬಿಡಿ” ಎಂದು ಕೇಳುವುದು ಸರಿಯಲ್ಲ. ಕಾರಣವಿದ್ದಾಗ ಬೇಡವೆಂದು ಹಟ ಹಿಡಿಯುವುದೂ ಸರಿಯಲ್ಲ. ನಿಮ್ಮ ಕಾರಣವೇನೆಂದು ವೈದ್ಯರನ್ನು ಕೇಳಿ ತಿಳಿದುಕೊಳ್ಳಿ. ಕೇಳುವುದು ನಿಮ್ಮ ಹಕ್ಕು.

ಹಿರಿಯರಿಗೆ ಈ ಆಪರೇಷನ್ನಿನ ಬಗ್ಗೆ ಭಯವಿರುವುದು ಸಹಜ. ಹಿಂದೆ ಅದು ನಿಜವಾಗಿಯೂ ಪ್ರಾಣಕ್ಕೆ ಎರವಾಗುತ್ತಿತ್ತು. ಹತ್ತೊಂಬತ್ತನೆಯ ಶತಮಾನದವರೆಗೂ ಗರ್ಭಕೋಶಕ್ಕೆ ಹೊಲಿಗೆ ಹಾಕುವ ಪದ್ಧತಿಯೇ ಇರಲಿಲ್ಲ. 1882ರಲ್ಲಿ ಜರ್ಮನಿಯ ವೈದ್ಯ ಮ್ಯಾಕ್ಸ್ ಸ್ಯಾಂಗರ್ ಅದನ್ನು ಹೊಲಿಯಲೇಬೇಕೆಂದು ವಾದಿಸಿ ವಿಧಾನ ತೋರಿಸಿದ ಮೇಲೆ ಬದುಕುಳಿಯುವ ತಾಯಂದಿರು ಹೆಚ್ಚಾದರು. ಆಮೇಲೆ ಕಿಬ್ಬೊಟ್ಟೆಯ ಅಡ್ಡ ಗಾಯ, ರಕ್ತ ಕೊಡುವ ವ್ಯವಸ್ಥೆ, ನಂಜು ತಡೆಯುವ ಔಷಧ, ಸುರಕ್ಷಿತ ಅರಿವಳಿಕೆ ಒಂದೊಂದಾಗಿ ಬಂದವು. ಅಜ್ಜಿಯರ ಕಾಲದ ಕಥೆಯನ್ನು ಇಂದಿಗೆ ಅನ್ವಯಿಸುವುದು ಬೇಡ. ಹಾಗೆಂದು ಇದು ದೊಡ್ಡ ಆಪರೇಷನ್ ಎಂಬುದನ್ನು ಮರೆಯುವುದೂ ಬೇಡ.

ದಿನ ಗೊತ್ತುಮಾಡುವಾಗ

ಬೇರೆ ತೊಂದರೆ ಇಲ್ಲದಿದ್ದರೆ ಸಾಮಾನ್ಯವಾಗಿ 39 ವಾರ ತುಂಬಿದ ಮೇಲೆ ದಿನ ಇಡುತ್ತಾರೆ. ಕೊನೆಯ ವಾರಗಳಲ್ಲಿ ಕೂಸಿನ ಶ್ವಾಸಕೋಶ ಹೊರಗಿನ ಗಾಳಿಗೆ ಸಿದ್ಧವಾಗುತ್ತದೆ. ಅದಕ್ಕಿಂತ ಮೊದಲೇ ತೆಗೆದರೆ ಕೂಸಿಗೆ ಉಸಿರಾಟದ ತೊಂದರೆಯಾಗಿ ಗಾಜಿನ ಪೆಟ್ಟಿಗೆಯಲ್ಲಿ ಇಡಬೇಕಾಗಬಹುದು. ಆದ್ದರಿಂದ “ಹೋದ ವಾರದ ನಕ್ಷತ್ರ ಛಲೋ ಇತ್ತು, ಅವತ್ತ ಮಾಡ್ರಿ” ಎಂಬ ಒತ್ತಾಯ ಬೇಡ. ಕೂಸು ಪೂರ್ತಿ ಬೆಳೆದ ದಿನವೇ ಒಳ್ಳೆಯ ದಿನ. ಮಾಸು ಅಡ್ಡ ಇರುವಂಥ ಕೆಲವು ಕಾರಣಗಳಿಗೆ ವೈದ್ಯರೇ ಮುಂಚೆ ಮಾಡಬೇಕಾಗುತ್ತದೆ. ಅದು ಬೇರೆ ಮಾತು.

ಗೊತ್ತುಮಾಡಿದ ದಿನಕ್ಕಿಂತ ಮೊದಲೇ ನೋವು ಬಂದರೆ, ನೀರು ಹೋದರೆ, ಕೆಂಪು ಕಂಡರೆ, ಕೂಸಿನ ಮಿಸುಕಾಟ ಕಡಿಮೆಯಾದರೆ ಆ ದಿನಕ್ಕಾಗಿ ಕಾಯದೆ ಕೂಡಲೇ ಆಸ್ಪತ್ರೆಗೆ ಬನ್ನಿ.

ಈ ನಡುವಿನ ದಿನಗಳಲ್ಲಿ ಮಾಡಬೇಕಾದ ಕೆಲಸಗಳು:

* ರಕ್ತ ಕಡಿಮೆ ಇದ್ದರೆ ಕಬ್ಬಿಣಾಂಶದ ಮಾತ್ರೆಯನ್ನು ತಪ್ಪದೆ ತೆಗೆದುಕೊಳ್ಳಿ. ರಕ್ತ ಚೆನ್ನಾಗಿದ್ದರೆ ಅರ್ಧ ಚೇತರಿಕೆ ಆದಂತೆಯೇ.
* ನಿಮ್ಮದೇ ರಕ್ತದ ಗುಂಪಿನ ಒಬ್ಬಿಬ್ಬರನ್ನು ಹೇಳಿ ಇಟ್ಟುಕೊಳ್ಳಿ.
* ತಾಯಿ ಕಾರ್ಡು, ಸ್ಕ್ಯಾನಿಂಗ್ ವರದಿ, ಹಿಂದಿನ ಹೆರಿಗೆಯ ಕಾಗದಗಳನ್ನು ಒಂದೇ ಚೀಲದಲ್ಲಿಡಿ.
* ಯಾವುದಾದರೂ ಔಷಧ ಆಗಿಬರದಿದ್ದರೆ, ದಮ್ಮು, ಬಿ.ಪಿ., ಸಕ್ಕರೆ ಕಾಯಿಲೆ ಇದ್ದರೆ ಮುಚ್ಚಿಡದೆ ಹೇಳಿ.
* ಇದೇ ಆಪರೇಷನ್ನಿನಲ್ಲಿ ಕಾಪರ್-ಟಿ ಹಾಕಿಸಿಕೊಳ್ಳಬಹುದು. ಮಕ್ಕಳು ಸಾಕೆಂದಿದ್ದರೆ ಸಂತಾನಹರಣ ಚಿಕಿತ್ಸೆಯನ್ನೂ ಮಾಡಿಸಿಕೊಳ್ಳಬಹುದು. ಗಂಡ ಹೆಂಡತಿ ಮನೆಯಲ್ಲೇ ಮಾತಾಡಿಕೊಂಡು ಬನ್ನಿ. ಆಪರೇಷನ್ ಟೇಬಲ್ಲಿನ ಮೇಲೆ ತೀರ್ಮಾನಿಸುವ ವಿಷಯವಲ್ಲ ಇದು.

ಆಪರೇಷನ್ ದಿನ ಏನಾಗುತ್ತದೆ?

ಗಟ್ಟಿ ಆಹಾರವನ್ನು ಕನಿಷ್ಠ ಆರು ತಾಸು ಮೊದಲೇ ನಿಲ್ಲಿಸಬೇಕು. ನೀರನ್ನು ಎಷ್ಟು ಹೊತ್ತಿನವರೆಗೆ ಕುಡಿಯಬಹುದೆಂದು ಸಿಸ್ಟರ್ ಹೇಳುತ್ತಾರೆ. “ಪಾಪ, ಹಸಿದಾಳ” ಎಂದು ಯಾರೂ ಗುಟ್ಟಾಗಿ ಚಹಾ, ಬಿಸ್ಕತ್ತು ಕೊಡಬಾರದು. ಹೊಟ್ಟೆಯಲ್ಲಿದ್ದುದು ವಾಂತಿಯಾಗಿ ಶ್ವಾಸನಾಳಕ್ಕೆ ಹೋದರೆ ಜೀವಕ್ಕೇ ಅಪಾಯ.

ಬಳೆ, ಸರ, ಕಾಲುಂಗುರ ತೆಗೆದು ಮನೆಯವರಿಗೆ ಕೊಡಿ. ಕೊರಳಲ್ಲಿ ಬೆಳ್ಳಿಯ ಕರಡಿಗೆ ಇದ್ದರೆ ಮೊದಲೇ ಸಿಸ್ಟರ್‌ಗೆ ತಿಳಿಸಿ. ಲೋಹದ ವಸ್ತು ಮೈಮೇಲಿದ್ದರೆ ಆಪರೇಷನ್ನಿನಲ್ಲಿ ಬಳಸುವ ವಿದ್ಯುತ್ ಉಪಕರಣದಿಂದ ಸುಟ್ಟ ಗಾಯವಾಗುವ ಸಾಧ್ಯತೆ ಇದೆ. ಕೂದಲನ್ನು ಮನೆಯಲ್ಲಿ ಬ್ಲೇಡಿನಿಂದ ತೆಗೆದುಕೊಳ್ಳಬೇಡಿ. ಸಣ್ಣ ಗೀರುಗಳಾದರೂ ಅಲ್ಲಿಂದ ನಂಜು ಏರುತ್ತದೆ.

ಕೈಗೆ ಸಲೈನ್ ಹಚ್ಚುತ್ತಾರೆ. ನಂಜು ತಡೆಯುವ ಇಂಜೆಕ್ಷನ್ ಕೊಡುತ್ತಾರೆ. ಆಮೇಲೆ ಅರಿವಳಿಕೆ ತಜ್ಞರು ಬೆನ್ನಿನ ಕೆಳಭಾಗಕ್ಕೆ ಒಂದು ಸಣ್ಣ ಸೂಜಿಯ ಇಂಜೆಕ್ಷನ್ ಕೊಡುತ್ತಾರೆ. ಬೆನ್ನನ್ನು ಬಿಲ್ಲಿನಂತೆ ಬಾಗಿಸಿ ಅಲುಗಾಡದೆ ಕುಳಿತರೆ ಕೆಲಸ ಬೇಗ ಮುಗಿಯುತ್ತದೆ. ಕೆಲವೇ ನಿಮಿಷಗಳಲ್ಲಿ ಕಾಲು ಬೆಚ್ಚಗಾಗಿ ಭಾರವಾಗುತ್ತವೆ. ನೀವು ಎಚ್ಚರವಾಗಿಯೇ ಇರುತ್ತೀರಿ. ನೋವು ಇರುವುದಿಲ್ಲ, ಆದರೆ ಒತ್ತಿದಂತೆ, ಎಳೆದಂತೆ ಅನಿಸುತ್ತದೆ. ಇದನ್ನು ಮೊದಲೇ ತಿಳಿದವರು ಗಾಬರಿಯಾಗುವುದಿಲ್ಲ. ವಾಕರಿಕೆ ಬಂದರೆ, ನಡುಕ ಬಂದರೆ, ನೋವೆನಿಸಿದರೆ ಬಾಯಿಬಿಟ್ಟು ಹೇಳಿ. ತಲೆಯ ಹತ್ತಿರ ನಿಂತವರು ನಿಮ್ಮ ಮಾತು ಕೇಳಲೆಂದೇ ಇರುವವರು.

ಕೂಸು ಹೊರಬರಲು ಸಾಮಾನ್ಯವಾಗಿ ಹತ್ತು ನಿಮಿಷವೂ ಬೇಡ. ಹೊಲಿಗೆ ಹಾಕಿ ಮುಗಿಸಲು ಮುಕ್ಕಾಲು ತಾಸಿನಿಂದ ಒಂದು ತಾಸು ಹಿಡಿಯುತ್ತದೆ.

ನನ್ನ ಮಗಳು ಅತ್ತ ದನಿ ಕೇಳಿದಾಗ ನಾನು ಸೀಲಿಂಗಿನ ದೀಪವನ್ನೇ ನೋಡುತ್ತ ಮಲಗಿದ್ದೆ. ಸಿಸ್ಟರ್ ಕೂಸನ್ನು ತಂದು ನನ್ನ ಎದೆಯ ಮೇಲೆ ಬರಿಮೈಗೆ ಬರಿಮೈ ತಾಗುವಂತೆ ಇಟ್ಟು ಮೇಲೆ ಬಟ್ಟೆ ಹೊದಿಸಿದರು. ಅಳು ನಿಂತಿತು. ಒದ್ದೆ ಕೂದಲಿನ ಆ ತಲೆ ನನ್ನ ಗದ್ದಕ್ಕೆ ತಾಗಿತ್ತು. “ಆಪರೇಷನ್ ಆದರೆ ತಾಯಿ ಅನ್ನೋ ಭಾವನೆ ಬರೂದಿಲ್ಲ” ಎಂದು ಯಾರೋ ಹೇಳಿದ್ದು ಸುಳ್ಳೆಂದು ಆ ಕ್ಷಣವೇ ಗೊತ್ತಾಯಿತು. ಕೆಲವರಿಗೆ ಆ ಭಾವನೆ ಬರಲು ಒಂದೆರಡು ದಿನ ಬೇಕಾಗಬಹುದು. ಅದೂ ಸಹಜವೇ. ಸಹಜ ಹೆರಿಗೆಯಾದವರಲ್ಲೂ ಹಾಗಾಗುತ್ತದೆ.

ಮೊದಲ 24 ತಾಸು

ಎದೆಹಾಲು: ತಾಯಿಗೂ ಕೂಸಿಗೂ ತೊಂದರೆ ಇಲ್ಲದಿದ್ದರೆ ಮೊದಲ ಒಂದು ತಾಸಿನೊಳಗೆ ಕೂಸನ್ನು ಎದೆಗೆ ಹಚ್ಚಬೇಕು. ಮೊದಲು ಬರುವ ಹಳದಿ ಗಿಣ್ಣದ ಹಾಲು ಕೆಲವೇ ಹನಿ ಇದ್ದರೂ ಕೂಸಿಗೆ ಅಷ್ಟು ಸಾಕು. ಅದೇ ಅದರ ಮೊದಲ ಲಸಿಕೆ ಇದ್ದ ಹಾಗೆ. ಜೇನುತುಪ್ಪ, ಸಕ್ಕರೆ ನೀರು, ಔಡಲೆಣ್ಣೆ ಏನನ್ನೂ ನೆಕ್ಕಿಸಬೇಡಿ. ಸಿಸೇರಿಯನ್ ಆದವರಿಗೆ ಹಾಲು ತುಂಬಿ ಬರುವುದು ಒಂದು ದಿನ ತಡವಾಗಬಹುದು. “ಹಾಲ ಇಲ್ಲ” ಎಂದು ಡಬ್ಬಿ ಹಾಲಿಗೆ ಓಡದೆ ಮತ್ತೆ ಮತ್ತೆ ಕುಡಿಸಿ. ಹಗಲು ರಾತ್ರಿ ಸೇರಿ 8ರಿಂದ 12 ಸಲ. ಒಂದು ಮಗ್ಗುಲಿಗೆ ಮಲಗಿ ಕುಡಿಸಬಹುದು. ಕುಳಿತಾಗ ಕೂಸನ್ನು ಕಂಕುಳಿನ ಕೆಳಗೆ ಪಕ್ಕಕ್ಕೆ ಹಿಡಿದು ಕುಡಿಸಿದರೆ ಗಾಯದ ಮೇಲೆ ಭಾರ ಬೀಳುವುದಿಲ್ಲ.

ಊಟ: ವೈದ್ಯರು ಒಪ್ಪಿಗೆ ಕೊಟ್ಟ ಕೂಡಲೇ ನೀರು, ಗಂಜಿ, ಆಮೇಲೆ ಮೆತ್ತನೆಯ ಊಟ ಶುರುಮಾಡಿ. ಗ್ಯಾಸು ಹೋಗುವವರೆಗೆ ದಿನಗಟ್ಟಲೆ ಉಪವಾಸ ಇಡುವ ಪದ್ಧತಿ ಈಗ ಇಲ್ಲ.

ನೋವು: ಅರಿವಳಿಕೆ ಇಳಿದ ಮೇಲೆ ಗಾಯ ನೋಯುತ್ತದೆ. ಸಹಿಸಿಕೊಳ್ಳುವುದರಲ್ಲಿ ಹೆಚ್ಚುಗಾರಿಕೆ ಏನೂ ಇಲ್ಲ. ನೋವು ತಡೆದುಕೊಂಡ ತಾಯಿ ಏಳುವುದಿಲ್ಲ, ಕೆಮ್ಮುವುದಿಲ್ಲ, ಕೂಸನ್ನು ಎತ್ತಿಕೊಳ್ಳುವುದಿಲ್ಲ. ಹಾಗಾಗಿ ಮಾತ್ರೆಯನ್ನು ಹೇಳಿದ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಿ. ಇಲ್ಲಿ ಕೊಡುವ ಮಾತ್ರೆಗಳನ್ನು ಹಾಲುಣಿಸುವ ತಾಯಿ ಎಂದು ನೋಡಿಯೇ ಬರೆದಿರುತ್ತಾರೆ. ಅಂಗಡಿಯಿಂದ ನೀವೇ ಬೇರೆ ಮಾತ್ರೆ ತರಬೇಡಿ.

ಏಳುವುದು: ಇದೇ ಎಲ್ಲಕ್ಕಿಂತ ಮುಖ್ಯ. ಬಹಳ ಹೊತ್ತು ಅಲುಗಾಡದೆ ಮಲಗಿದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಆ ಹೆಪ್ಪು ಶ್ವಾಸಕೋಶಕ್ಕೆ ಹೋದರೆ ಪ್ರಾಣಾಪಾಯ. ಕಾಲಿನ ಸ್ಪರ್ಶ ಮರಳಿದ ಕೂಡಲೇ ಹಾಸಿಗೆಯಲ್ಲೇ ಪಾದಗಳನ್ನು ಮೇಲೆ ಕೆಳಗೆ ಆಡಿಸುತ್ತಿರಿ. ಮೊದಲ ದಿನದೊಳಗೇ, ಸಿಸ್ಟರ್ ಹೇಳಿದ ಹೊತ್ತಿಗೆ ಎದ್ದು ನಾಲ್ಕು ಹೆಜ್ಜೆ ನಡೆಯಬೇಕು.

ನನ್ನ ಸರದಿ ಬಂದಾಗ ನಾನೇ ಏಳಲು ಒಪ್ಪಲಿಲ್ಲ ಎಂದರೆ ನಗುತ್ತೀರಿ. ನಾಳೆ ಏಳುತ್ತೇನೆ ಎಂದೆ. ನಾನೇ ಕಲಿಸಿದ ಕಿರಿಯ ನರ್ಸ್ ಹಾಸಿಗೆಯ ಪಕ್ಕ ನಿಂತಳು. “ಅಕ್ಕಾರ, ನೀವ ಹೇಳಿಕೊಟ್ಟದ್ದ್ರಿ ಇದು. ಮೊದಲ ಮೊಣಕಾಲ ಮಡಚ್ರಿ, ಮಗ್ಗಲಕ್ಕ ಹೊಳ್ರಿ, ಆಮ್ಯಾಲೆ ಏಳ್ರಿ” ಎಂದಳು. ಬೇರೆ ದಾರಿ ಇರಲಿಲ್ಲ. ಎದ್ದೆ. ಮೊದಲ ಹೆಜ್ಜೆಗೆ ಗಾಯ ಬಿಚ್ಚಿಹೋಗುತ್ತದೇನೋ ಅನಿಸಿತು. ಹಾಗೇನೂ ಆಗಲಿಲ್ಲ. ಸಂಜೆ ಎರಡನೆಯ ಸಲ ಎದ್ದಾಗ ನೋವು ಅರ್ಧದಷ್ಟೂ ಇರಲಿಲ್ಲ.

ಏಳುವ ಕ್ರಮ ಹೀಗೆ: ಎರಡೂ ಮೊಣಕಾಲು ಮಡಚಿ. ಇಡೀ ಮೈಯನ್ನು ಒಂದು ಮಗ್ಗುಲಿಗೆ ಹೊರಳಿಸಿ. ಕಾಲುಗಳನ್ನು ಮಂಚದಿಂದ ಕೆಳಗೆ ಇಳಿಬಿಡುತ್ತ ಮೊಣಕೈ ಊರಿ ಕುಳಿತುಕೊಳ್ಳಿ. ಐದು ನಿಮಿಷ ಹಾಗೇ ಕುಳಿತು ದೀರ್ಘವಾಗಿ ಉಸಿರಾಡಿ. ತಲೆ ಸುತ್ತದಿದ್ದರೆ ಒಬ್ಬರ ಕೈ ಹಿಡಿದು ಎದ್ದು ನಿಲ್ಲಿ. ಮಲಗಿದಲ್ಲಿಂದ ನೇರವಾಗಿ ಏಳಬೇಡಿ. ಕೆಮ್ಮುವಾಗ, ಸೀನುವಾಗ, ನಗುವಾಗ ಒಂದು ಸಣ್ಣ ದಿಂಬನ್ನು ಗಾಯದ ಮೇಲೆ ಮೆಲ್ಲಗೆ ಒತ್ತಿ ಹಿಡಿದುಕೊಳ್ಳಿ.

ಮೂತ್ರದ ಪೈಪನ್ನು ಸಾಮಾನ್ಯವಾಗಿ ಮೊದಲ ದಿನದೊಳಗೇ ತೆಗೆಯುತ್ತಾರೆ. ಆಮೇಲೆ ಮೂತ್ರ ಸರಿಯಾಗಿ ಹೋಯಿತೆ ಎಂದು ತಿಳಿಸಿ.

ಮನೆಗೆ ಹೋದ ಮೇಲೆ

ತಾಯಿ ಕೂಸು ಚೆನ್ನಾಗಿದ್ದರೆ ಮೂರರಿಂದ ಐದು ದಿನಗಳಲ್ಲಿ ಮನೆಗೆ ಕಳಿಸುತ್ತಾರೆ. ಹೊರಗಿನ ಗಾಯ ಕೆಲವೇ ದಿನಗಳಲ್ಲಿ ಕೂಡಿಕೊಂಡರೂ ಒಳಗಿನ ಪದರಗಳು ಗಟ್ಟಿಯಾಗಲು ಆರು ವಾರಗಳಾದರೂ ಬೇಕು.

* ಈ ಆರು ವಾರ ಕೂಸಿಗಿಂತ ಭಾರವಾದುದನ್ನು ಎತ್ತಬೇಡಿ. ನೀರಿನ ಕೊಡ, ಗ್ಯಾಸ್ ಸಿಲಿಂಡರ್, ಹಿಟ್ಟಿನ ಡಬ್ಬಿ ಬೇರೆಯವರು ಎತ್ತಲಿ.
* ದಿನಾಲು ಮನೆಯಲ್ಲೇ ಸ್ವಲ್ಪ ಸ್ವಲ್ಪ ನಡೆಯಿರಿ. ಪೂರ್ತಿ ಹಾಸಿಗೆ ಹಿಡಿಯಬೇಡಿ.
* ಸ್ನಾನ ಮಾಡಬಹುದು. ಗಾಯದ ಮೇಲೆ ನೀರು ಹರಿದರೆ ತೊಂದರೆ ಇಲ್ಲ. ಉಜ್ಜದೆ, ಸ್ವಚ್ಛ ಒಣ ಬಟ್ಟೆಯಿಂದ ಮೆಲ್ಲಗೆ ಒತ್ತಿ ಒರೆಸಿ. ಅರಿಶಿನ, ಬೂದಿ, ಎಣ್ಣೆ, ಪೌಡರ್ ಹಚ್ಚಬೇಡಿ.
* ಸೀರೆ, ಲಂಗದ ಲಾಡಿ ಗಾಯದ ಮೇಲೆ ಬರದಂತೆ ಕಟ್ಟಿ.
* ಗಾಯದ ಸುತ್ತ ಜುಮು ಹಿಡಿದಂತೆ ಇರುವುದು, ತುರಿಸುವುದು ಕೆಲವು ತಿಂಗಳು ಇರಬಹುದು. ಹೆದರಬೇಕಿಲ್ಲ.
* ಕಬ್ಬಿಣಾಂಶದ ಮಾತ್ರೆ ಮತ್ತು ಕ್ಯಾಲ್ಸಿಯಂ ಮಾತ್ರೆಯನ್ನು ಹೆರಿಗೆಯಾದ ಮೇಲೂ 180 ದಿನ ಮುಂದುವರಿಸಿ. ಎರಡನ್ನೂ ಒಟ್ಟಿಗೆ ನುಂಗಬೇಡಿ, ನಡುವೆ ಎರಡು ತಾಸಾದರೂ ಅಂತರವಿರಲಿ.

ಬಾಣಂತನದ ಕೆಲವು ತಪ್ಪು ತಿಳಿವಳಿಕೆಗಳು

“ಅನ್ನ, ಬೇಳೆ ತಿಂದರೆ ಗಾಯ ಕೀವಾಗುತ್ತದೆ.” ಇಲ್ಲ. ಕೀವಾಗುವುದು ರೋಗಾಣುಗಳಿಂದ, ಅನ್ನದಿಂದಲ್ಲ. ಬೇಳೆ, ಹಾಲು, ಮೊಳಕೆ ಕಾಳು, ಸೊಪ್ಪುಗಳಿಂದಲೇ ಗಾಯ ಕೂಡುವುದು. ನಮ್ಮ ಕಡೆಯ ಬಿಸಿ ರೊಟ್ಟಿ, ಸಬ್ಬಸಿಗೆ ಪಲ್ಯ, ಗೋಧಿ ಸಜ್ಜಕ, ಅಳ್ವಿ ಪಾಯಸ ಎಲ್ಲವೂ ಒಳ್ಳೆಯದೇ. ಅಂಟಿನ ಉಂಡಿಯೂ ಇರಲಿ, ಆದರೆ ಅದೊಂದೇ ಊಟವಾಗದಿರಲಿ.

“ನೀರು ಕುಡಿದರೆ ಹೊಟ್ಟೆ ದಪ್ಪವಾಗುತ್ತದೆ.” ಇಲ್ಲ. ನೀರು ಕಡಿಮೆಯಾದರೆ ಮಲ ಗಟ್ಟಿಯಾಗುತ್ತದೆ. ಆಗ ಮುಕ್ಕಬೇಕಾಗಿ ಗಾಯ ನೋಯುತ್ತದೆ. ಬಾಯಾರಿದಾಗಲೆಲ್ಲ ಕುಡಿಯಿರಿ.

“ಬೆನ್ನಿನ ಇಂಜೆಕ್ಷನ್‌ನಿಂದ ಜೀವನಪೂರ್ತಿ ಬೆನ್ನುನೋವು.” ಸೂಜಿ ಚುಚ್ಚಿದ ಜಾಗ ಕೆಲವು ದಿನ ನೋಯಬಹುದು, ಅಷ್ಟೆ. ಬಸುರಿನಲ್ಲಿ ಸಡಿಲವಾದ ಕೀಲುಗಳು, ಬಗ್ಗಿ ಕುಳಿತು ಹಾಲುಣಿಸುವುದು, ರಕ್ತಹೀನತೆ, ನಿದ್ದೆಗೇಡು ಬೆನ್ನುನೋವಿಗೆ ಕಾರಣ. ಬೆನ್ನಿಗೆ ದಿಂಬು ಕೊಟ್ಟು ಕುಳಿತು ಕುಡಿಸಿ.

“ಹೊರಸಿನ ಕೆಳಗೆ ಕೆಂಡ ಇಟ್ಟು ಕಾಯಿಸಬೇಕು.” ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಬರುವ ವಿಷಗಾಳಿ ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ತಿಳಿಯುವುದಿಲ್ಲ. ತಾಯಿ ಕೂಸು ಇಬ್ಬರ ಪ್ರಾಣಕ್ಕೂ ಅಪಾಯ. ಬೆಚ್ಚಗಿನ ಬಟ್ಟೆ, ಬಿಸಿನೀರಿನ ಸ್ನಾನ ಸಾಕು.

“ಒಮ್ಮೆ ಸಿಸೇರಿಯನ್ ಆದರೆ ಮುಂದೆಯೂ ಸಿಸೇರಿಯನ್ನೇ.” ಹಾಗೇನಿಲ್ಲ. ಮೊದಲ ಸಲದ ಕಾರಣ ಮತ್ತು ಗರ್ಭಕೋಶದ ಗಾಯದ ಬಗೆ ನೋಡಿ ಅನೇಕರಿಗೆ ಮುಂದಿನದು ಸಹಜ ಹೆರಿಗೆಯಾಗಬಹುದು. ಆದರೆ ಅದು ಆಪರೇಷನ್ ವ್ಯವಸ್ಥೆ ಇರುವ ಆಸ್ಪತ್ರೆಯಲ್ಲೇ ಆಗಬೇಕು. ಡಿಸ್ಚಾರ್ಜ್ ಕಾರ್ಡನ್ನು ಜೋಪಾನವಾಗಿಡಿ. ಮುಂದಿನ ಬಸುರಿಗೆ ಕನಿಷ್ಠ ಎರಡು ವರ್ಷ ಅಂತರವಿರಲಿ. ಮುಟ್ಟು ಶುರುವಾಗುವ ಮೊದಲೇ ಬಸುರು ನಿಲ್ಲಬಹುದೆಂಬುದು ನೆನಪಿರಲಿ.

ಕೂಡಲೇ ಆಸ್ಪತ್ರೆಗೆ ಬರಬೇಕಾದ ಲಕ್ಷಣಗಳು

* 100.4 ಡಿಗ್ರಿ ಅಥವಾ ಹೆಚ್ಚು ಜ್ವರ, ಚಳಿ ನಡುಕ
* ಗಾಯ ಕೆಂಪಾಗಿ ಊದುವುದು, ಕೀವು ಸೋರುವುದು, ಗಾಯ ಬಿಡುವುದು
* ಒಂದು ತಾಸಿನಲ್ಲೇ ಒಂದು ಪ್ಯಾಡ್ ಪೂರ್ತಿ ನೆನೆಯುವಷ್ಟು ರಕ್ತಸ್ರಾವ, ದೊಡ್ಡ ಗಡ್ಡೆ, ಕೆಟ್ಟ ವಾಸನೆ
* ಒಂದೇ ಕಾಲಿನ ಮೀನಖಂಡದಲ್ಲಿ ನೋವು, ಊತ
* ಏದುಸಿರು, ಎದೆನೋವು
* ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಫಿಟ್ಸ್. ಕುಳಿತರೆ ಹೆಚ್ಚಾಗಿ ಮಲಗಿದರೆ ಕಡಿಮೆಯಾಗುವ ತಲೆನೋವನ್ನೂ ತಿಳಿಸಿ, ಅದಕ್ಕೆ ಬೇರೆ ಚಿಕಿತ್ಸೆ ಇದೆ
* ಮೂತ್ರ ಕಟ್ಟುವುದು, ಉರಿ
* ಕೂಸು ಹಾಲು ಕುಡಿಯದಿರುವುದು, ಬೇಗ ಬೇಗ ಉಸಿರಾಡುವುದು, ಮೈ ತಣ್ಣಗಾಗುವುದು

ರಾತ್ರಿಯಾದರೂ ಬೆಳಗಿನವರೆಗೆ ಕಾಯಬೇಡಿ. 108ಕ್ಕೆ ಫೋನ್ ಮಾಡಿ.

ಮೊದಲ ವಾರ ಕಾರಣವಿಲ್ಲದೆ ಅಳು ಬರುವುದು ಅನೇಕರಲ್ಲಿ ಸಹಜ. ಎರಡು ವಾರ ಕಳೆದರೂ ಮನಸ್ಸು ಕುಗ್ಗಿದ್ದರೆ, ನಿದ್ದೆ ಬಾರದಿದ್ದರೆ, ಕೂಸು ಬೇಡ ಅನಿಸಿದರೆ ಅದು ಕಾಯಿಲೆ, ಸೊಕ್ಕಲ್ಲ. ಅದಕ್ಕೆ ಚಿಕಿತ್ಸೆ ಇದೆ. ಸಾಯಬೇಕೆನಿಸಿದರೆ ಅಥವಾ ಕೂಸಿಗೆ ಏನಾದರೂ ಮಾಡಬೇಕೆನಿಸಿದರೆ ಒಂದು ದಿನವೂ ಕಾಯದೆ ಬನ್ನಿ. ಟೆಲಿ-ಮಾನಸ್ ಉಚಿತ ಸಹಾಯವಾಣಿ 14416ಕ್ಕೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಅಂಥ ತಾಯಿಯನ್ನು ಮನೆಯವರು ಒಂಟಿಯಾಗಿ ಬಿಡಬಾರದು.

ಮನೆಯವರಿಗೆ ಒಂದು ಮಾತು

ನಾನು ಮನೆಗೆ ಬಂದ ವಾರ ನೆರೆಮನೆಯ ಹಿರಿಯರೊಬ್ಬರು ಕೂಸು ನೋಡಲು ಬಂದು, “ಬ್ಯಾನಿ ತಿನ್ನದ ಹಡದಾಳ ಬಿಡು” ಎಂದರು. ನನಗೆ ಮಾತೇ ಹೊರಡಲಿಲ್ಲ. ಒಳಗಿನಿಂದ ನನ್ನ ಅತ್ತೆಯವರೇ ಬಂದು ಹೇಳಿದರು: “ಹೊಟ್ಟಿ ಕೊಯ್ಸಕೊಂಡು ನಮಗ ಕೂಸಿನ್ನ ಕೊಟ್ಟಾಳ. ಇದಕ್ಕ ಹಡಿಯೂದು ಅನ್ನದ ಮತ್ತೇನ ಅಂತಾರ?”

ಅಂದು ಆ ಮಾತು ಯಾವ ಮಾತ್ರೆಗೂ ಕಡಿಮೆ ಇರಲಿಲ್ಲ. ಚೇತರಿಕೆಯಲ್ಲಿ ವೈದ್ಯರ ಪಾಲು ಎಷ್ಟಿದೆಯೋ ಮನೆಯವರ ಪಾಲೂ ಅಷ್ಟೇ ಇದೆ. ರಾತ್ರಿ ಒಂದು ಸಲ ಕೂಸಿನ ಬಟ್ಟೆ ಬದಲಿಸುವ ಗಂಡ, ಬಿಸಿ ಊಟ ಕೊಟ್ಟು “ನೀ ಮಲಕೋ, ಕೂಸಿನ್ನ ನಾ ನೋಡತೀನಿ” ಎನ್ನುವ ಅತ್ತೆ ಅಥವಾ ಅವ್ವ ಇದ್ದ ಮನೆಯಲ್ಲಿ ಗಾಯವೂ ಬೇಗ ಮಾಯುತ್ತದೆ, ಮನಸ್ಸೂ ಬೇಗ ಅರಳುತ್ತದೆ.

ನಿಮ್ಮ ದಿನ ಗೊತ್ತಾಗಿದ್ದರೆ ಈ ಹಾಳೆಯನ್ನು ಮನೆಯವರೊಂದಿಗೆ ಕುಳಿತು ಮತ್ತೊಮ್ಮೆ ಓದಿ. ತಿಳಿಯದ್ದಿದ್ದರೆ ವಾರ್ಡಿನ ಸಿಸ್ಟರನ್ನು ಸಂಕೋಚವಿಲ್ಲದೆ ಕೇಳಿ. ನಡೆದುಕೊಂಡು ಬಂದ ನೀವು ಕೂಸನ್ನು ಎತ್ತಿಕೊಂಡು ನಡೆದುಕೊಂಡೇ ಮನೆಗೆ ಹೋಗುವಿರಿ.

ತಾಯಿಗೂ ಕೂಸಿಗೂ ಶುಭವಾಗಲಿ.